ದೇಗ್ಚಿಯ ಬಿಳುಪು

ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ತಾಹಿರಾಳ ಬಾಯಿಗೆ ಊರಿನ ಹೆಸರು ಬರಲಿಲ್ಲ. ಮಗಳ ಮನೆಗೆ ಎಂದಳು. "ಮಗಳ ಮನೆಗೆ ಟಿಕೆಟ್ ಇಲ್ಲ ಕಣಮ್ಮ. ತೆರಕಣಾಂಬಿಗೆ ಅದೆ, ಗುಂಡ್ಲುಪೇಟೆಗೆ ಅದೆ" ಎಂದು ಆತ ಹೇಳಿದಾಗ ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಗುಂಡ್ಲುಪೇಟೆ ಎಂದು ಹೇಳಿ, ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಬಾಯಲ್ಲಿದ್ದ ಮಾತು ಜಾರಿಹೋದಾಗ ಮಗಳ ಮಗ ಆದಿಲ್‌ಗೂ ಹೀಗೆಯೇ ಅನ್ನಿಸುತ್ತಿರಬಹುದೇ? ಅವನಿಗೆ ಎರಡೂವರೆ ವರ್ಷ. ಹೋದ ರಂಜಾನಿನಲ್ಲಿ ನಾನಿ ಎನ್ನುತ್ತಿದ್ದ, ಬಿಲ್ಲಿ ಎನ್ನುತ್ತಿದ್ದ, ಮಾಡಿನ ಮೇಲಿನ ಚಂದ್ರನಿಗೆ ಸಲಾಂ ಹೇಳುತ್ತಿದ್ದ. ಈಗ ಒಂದೂ ಇಲ್ಲ. ಕಲಿತದ್ದನ್ನು ಒಂದೊಂದಾಗಿ ಎಲ್ಲೋ ಇಟ್ಟು ಮರೆತವನ ಹಾಗೆ ಸುಮ್ಮನೆ ನೋಡುತ್ತಾನೆ. ಬೆಳಿಗ್ಗೆ ಎದುರು ಮನೆಯ ಶಿವರುದ್ರಮ್ಮನ ಫೋನಿಗೆ ಮಗಳು ಆಯಿಷಾ ಫೋನು ಮಾಡಿದ್ದಳು. ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಮುದುಡಿಕೊಂಡಿದ್ದನಂತೆ. "ಬಾಟ್ಲಿ ಬಿಸಾಕಿ ಇಷ್ಟು ದಿನ ಆಯ್ತಲ್ಲ ಅಮ್ಮಿ, ಮತ್ತೆ ಯಾಕೆ ಹೀಗೆ?" ಎಂದು ಕೇಳಿದಳು. ಶಿವರುದ್ರಮ್ಮ ಅಲ್ಲೇ ಹೂವು ಕಟ್ಟುತ್ತ ಕುಳಿತಿದ್ದರು. ಬರ್ತೀನಿ ಎಂದಷ್ಟೇ ಹೇಳಿ ತಾಹಿರಾ ಫೋನು ಇಟ್ಟಿದ್ದಳು. ಯಾಕೆಂದು ಅವಳಿಗೆ ಗೊತ್ತಿತ್ತು. ಮಗಳ ಅಡಿಗೆಮನೆಯಲ್ಲಿರುವ ತಾಮ್ರದ ದೇಗ್ಚಿಯನ್ನು ಇವತ್ತು ಹೇಗಾದರೂ ಎತ್ತಿಕೊಂಡು ಬರಬೇಕು, ಯಾಕೆಂದು ಯಾರಿಗೂ ಹೇಳದೆ ಎತ್ತಿಕೊಂಡು ಬರಬೇಕು. ಇಷ್ಟನ್ನೇ ಅವಳು ಚಾಮರಾಜನಗರದ ಬಸ್‌ ಸ್ಟ್ಯಾಂಡಿನಿಂದ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ಪಕ್ಕದಲ್ಲಿ ಕುಳಿತ ಹೆಂಗಸು ಆಗಿನಿಂದ ಅವಳ ಮುಖವನ್ನೇ ನೋಡುತ್ತಿದ್ದಳು.

"ಕಲಾಯಿ ಬಷೀರಣ್ಣನ ಮನೆಯೋರಲ್ವಾ ನೀವು? ಗುರ್ತು ಸಿಕ್ನಿಲ್ವಾ ಬೂಬಮ್ಮ? ನಾನು ಹರವೆ ಮಲ್ಲಿಗಮ್ಮ ಕನಿ. ಸಂತೆಮರಳ್ಳಿ ಸಂತೇಲಿ ನಿಮ್ಮೆಜಮಾನ್ರ ತಾವ ತಪ್ಪಲೆಗೆ ಕಲಾಯಿ ಆಕುಸ್ತಿದ್ನಲ್ಲ, ನೀವು ತಿದಿ ಒತ್ತಾ ಕೂತಿದ್ರಿ."

ತಾಹಿರಾ ಗುರುತು ಸಿಕ್ಕವಳಂತೆ ನಕ್ಕಳು.

"ಬ್ಯಾರೆಯೋರು ಆಕಿದ ಕಲಾಯಿ ಒಂದೊರ್ಸ ನಿಲ್ಲಕಿಲ್ಲ. ನಿಮ್ಮೆಜಮಾನ್ರುದು ಮೂರೊರ್ಸ ಆಯ್ತು, ಇನ್ನೂವೆ ಬೆಳ್ಳಗೆ ಅಂಗೇ ಅದೆ. ನಮ್ಮ ಸೊಸೆ ಸ್ಟೀಲ್‌ದು ತಕ್ಕೊ ಅಂತಾಳೆ. ನಾನು ಬುಡ್ನಿಲ್ಲ. ಉಳಿಸಾರು ಮಾಡುದ್ರೆ ಅದ್ರಲ್ಲೇ ಮಾಡ್ಬೇಕು. ನಮ್ಮೆಜಮಾನಂಗೆ ಯಾವಾಗ್ಲೂ ಒಟ್ಟೆ ನೋವು, ಆದ್ರೂ ಸಾರು ಬುಡಕಿಲ್ಲ. ನೀನು ಸತ್ರೂ ನಿನ್ ತಪ್ಪಲೆ ಮಾತ್ರ ಇಟ್ಕತೀನಿ ಕಣಮ್ಮಿ ಅಂತಾನೆ ಮುದ್ಕ." ಮಲ್ಲಿಗಮ್ಮ ತನ್ನ ಮಾತಿಗೆ ತಾನೇ ನಕ್ಕು, ತೊಡೆಯ ಮೇಲಿನ ಚೀಲವನ್ನು ಸರಿಮಾಡಿಕೊಂಡಳು. "ಅಣ್ಣಂಗೆ ಏಳಿ, ಕೈ ಗಟ್ಟಿ ಇರೋಗಂಟ ಕೆಲ್ಸ ಬುಡಬ್ಯಾಡಿ ಅಂತ."

ತಾಹಿರಾ ಆಗಲಿ ಎಂದಳು. ತಾಮ್ರದ ಒಳಗೆ ಬಳಿದ ತವರದ, ಮೂರು ವರ್ಷ ನಿಂತ ಬಿಳುಪು. ಅದು ಹರವೆಯ ಒಂದು ತಪ್ಪಲೆಯಲ್ಲಿ ಮಾತ್ರ ಇರಲಿಲ್ಲ. ಸಂತೆಗೆ ಬಂದ ಹಳ್ಳಿ ಹಳ್ಳಿಯ ಹೆಂಗಸರು ತಲೆಯ ಮೇಲೆ ಹೊತ್ತು ತಂದು, ಬಿಳಿದಾದ ಮೇಲೆ ಒಳಗೆ ಮುಖ ನೋಡಿಕೊಂಡು, ಸೆರಗಿನಲ್ಲಿ ಒರೆಸಿ ತಗೊಂಡು ಹೋದ ಪಾತ್ರೆಗಳು. ಅವರ ಮುಖಗಳು ಅವಳಿಗೆ ನೆನಪಿರಲಿಲ್ಲ, ಪಾತ್ರೆಗಳು ನೆನಪಿದ್ದವು. ಒಂದರ ಕಂಠ ಸೊಟ್ಟಗಿತ್ತು, ಇನ್ನೊಂದಕ್ಕೆ ತಳದಲ್ಲಿ ಬೆಸುಗೆ ಇತ್ತು. ಕೈ ಗಟ್ಟಿ ಇರುವವರೆಗೆ ಎಂದಳು ಈ ಹೆಂಗಸು. ಬಷೀರ್ ಅಹಮದನ ಬಲಗೈ ಈಚೆಗೆ ಮಣಿಕಟ್ಟಿನಿಂದ ಜೋತುಬೀಳುತ್ತಿತ್ತು. ಚಹಾ ಲೋಟ ಎತ್ತುವಾಗ ಎಡಗೈ ಆಸರೆ ಕೊಡುತ್ತಾನೆ. ವಯಸ್ಸು ಎಂದುಕೊಂಡಿದ್ದರು. ಬರೀ ವಯಸ್ಸು ಎಂದುಕೊಂಡು ಅವಳು ಅದಕ್ಕೆ ಎಳ್ಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ತವರಕ್ಕೆ ಬೆರೆಸುತ್ತಿದ್ದ ಲೋಹಕ್ಕೆ ಅವನು ಕಾಲಾ ಎನ್ನುತ್ತಿದ್ದ, ಕಪ್ಪು ಎಂದು. ಅದರ ನಿಜವಾದ ಹೆಸರು ಅವರ ಮನೆಯೊಳಗೆ ಯಾವತ್ತೂ ಬರಲಿಲ್ಲ. ಅವನ ಉಸ್ತಾದ್ ಹಾಗೆ ಕರೆಯುತ್ತಿದ್ದರು, ಇವನೂ ಕರೆದ. ಬರೀ ತವರ ಮೆತ್ತಗೆ, ತಿಕ್ಕಿದರೆ ಹೋಗುತ್ತದೆ, ಸ್ವಲ್ಪ ಕಾಲಾ ಬೆರೆಸಿದರೆ ಕಚ್ಚಿಕೊಂಡು ಕೂರುತ್ತದೆ ಎನ್ನುವುದು ಉಸ್ತಾದರ ಪಾಠ. ಗುಜರಿ ಅಂಗಡಿಗೆ ಹೋಗಿ ಅದನ್ನು ತರುತ್ತಿದ್ದವಳು ಮಾತ್ರ ತಾಹಿರಾ. ಅಂಗಡಿಯ ಮರಿಮಲ್ಲಪ್ಪ "ಸೀಸ ಬೇಕಾ ಬೂಬಮ್ಮ?" ಎಂದು ತೂಗಿ ಕೊಡುತ್ತಿದ್ದ. ಕಾಲಾ ಮುಟ್ಟಿದ ಕೈಯಲ್ಲಿ ಊಟ ಮಾಡಬೇಡ ಎಂದು ಬಷೀರನೇ ಗದರುತ್ತಿದ್ದ. ಅದನ್ನು ಕರಗಿಸುವಾಗ ಮಕ್ಕಳನ್ನು ಗಲ್ಲಿಯ ಆಚೆ ಅಟ್ಟುತ್ತಿದ್ದ. ಆದರೆ ಪಾತ್ರೆಗೆ ಹತ್ತಿದ ಮೇಲೆ ಭಯವಿಲ್ಲ, ಬೆಂಕಿ ದಾಟಿ ಬಂದದ್ದೆಲ್ಲ ಪಾಕ್, ಶುದ್ಧ ಎಂದು ನಂಬಿದ್ದ. ಅವಳೂ ನಂಬಿದ್ದಳು. ತಮಗಾಗಿ ಎಂದು ಬೇರೆ, ಗಿರಾಕಿಗಳಿಗೆ ಎಂದು ಬೇರೆ ಅವನು ಮಾಡಿದವನಲ್ಲ. ಅಷ್ಟಾದರೂ ಮಾಡಿದ್ದರೆ ಚೆನ್ನಾಗಿತ್ತು ಎಂದು ಯೋಚಿಸಿ ತಾಹಿರಾ ತನ್ನ ಯೋಚನೆಗೆ ತಾನೇ ಹೆದರಿ, ಪಕ್ಕದ ಮಲ್ಲಿಗಮ್ಮನಿಗೆ ಕೇಳಿಸಿತೋ ಏನೋ ಎನ್ನುವಂತೆ ತಿರುಗಿ ನೋಡಿದಳು.

ಆಯಿಷಾಳ ಮದುವೆಗೆ ಮುಂಚಿನ ದಿನಗಳು. ಅಂಗಳದಲ್ಲಿ ತೋಡಿದ ಕುಳಿಯಲ್ಲಿ ಕೆಂಡ, ಅದರ ಮೇಲೆ ಹೊಸ ದೇಗ್ಚಿ. ಅವನು ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಎದ್ದು ಕಣ್ಣು ಉರಿಯಿತು. ಅರಳೆಯ ಉಂಡೆಯಿಂದ ಅವನು ಒಂದು ಸುತ್ತು ಬಳಿದದ್ದೇ ತಾಮ್ರದ ಕೆಂಪು ಮಾಯವಾಗಿ ದೇಗ್ಚಿಯ ಒಳಗೆ ಹುಣ್ಣಿಮೆ ಇಳಿದಂತಾಯಿತು. ಅವತ್ತು ಮಾತ್ರ ಗಿರಾಕಿಗಳಿಗೆ ಹಾಕುವುದಕ್ಕಿಂತ ಹೆಚ್ಚು ಕಾಲಾ ಹಾಕಿದ್ದ. ಇಷ್ಟೊಂದು ಯಾಕೆ ಎಂದು ಅವಳು ಕೇಳಿದ್ದಕ್ಕೆ, ತಲೆ ಎತ್ತದೆ, "ನನ್ನ ಮಗಳ ದೇಗ್ಚಿಗೆ ಇನ್ನೊಬ್ಬ ಕಲಾಯಿಯವನು ಕೈ ಹಾಕೋದು ಬೇಡ" ಎಂದ. ಜೀವನದಲ್ಲಿ ಅವನು ಮಗಳ ಮೇಲಿನ ಪ್ರೀತಿಯನ್ನು ಮಾತಿನಲ್ಲಿ ಹೇಳಿದ್ದು ಅದೊಂದೇ ಸಲ. ತಾಹಿರಾ ಗಡಿಯಾಚೆಯ ತಾಳವಾಡಿಯಿಂದ ಮದುವೆಯಾಗಿ ಬಂದವಳು. ಮನೆಯಲ್ಲಿ ಉರ್ದುವೊಂದನ್ನೇ ಆಡಿ ಬೆಳೆದು, ಕನ್ನಡವನ್ನು ಗಲ್ಲಿಯ ಹೆಂಗಸರಿಂದ ಕಿವಿಯಲ್ಲೇ ಕಲಿತವಳು. ಗಂಡನ ಕೆಲಸದ ತವರ, ನೆರೆಯವರು ಹಬ್ಬಕ್ಕೆ ಹೋಗುವ ತವರು, ಎರಡೂ ಒಂದೇ ಮಾತೆಂದು ಬಹಳ ವರ್ಷ ತಿಳಿದಿದ್ದಳು. ಹುಡುಗಿಯ ಜೊತೆ ಬಂದ ಪಾತ್ರೆಗಳ ಒಳಗಿನ ಬಿಳುಪು ಹೋಗುವವರೆಗೆ ಅವಳಿಗೆ ಅಮ್ಮನ ಮನೆ ಇರುತ್ತದೆ, ಅದಕ್ಕೇ ಆ ಹೆಸರು ಎಂದು. ಶಿವರುದ್ರಮ್ಮನಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದು ಅಂಗಳದಲ್ಲಿ ಮಾತ್ರ ಅವಳಿಗೆ ತನ್ನ ತಪ್ಪು ತಿಳುವಳಿಕೆಯೇ ಸರಿ ಅನ್ನಿಸಿತ್ತು.

ತೆರಕಣಾಂಬಿಯಲ್ಲಿ ಮಲ್ಲಿಗಮ್ಮ ಇಳಿದಳು. "ಬತ್ತೀನಿ ಬೂಬಮ್ಮ, ಅಣ್ಣನ್ನ ಕೇಳ್ದೆ ಅಂತೇಳಿ" ಎಂದು ಕೆಳಗಿನಿಂದ ಕೂಗಿದಳು. ಮಲ್ಲಿಗಮ್ಮಾ, ಆ ತಪ್ಪಲೆಯಲ್ಲಿ ಹುಳಿ ಮಾಡಬೇಡ. ಹೇಳಲು ತಾಹಿರಾ ಕಿಟಕಿಗೆ ಬಗ್ಗಿದಳು. ಬಸ್ಸು ಹೊರಟಿತು. ಮಲ್ಲಿಗಮ್ಮನ ಗಂಡನ ಹೊಟ್ಟೆನೋವು ಬೇರೆ ಯಾವುದಕ್ಕಾದರೂ ಇರಬಹುದು, ಬೀಡಿಗಿರಬಹುದು, ಹಳ್ಳಿಯಲ್ಲಿ ಯಾರಿಗೆ ಹೊಟ್ಟೆ ನೋಯುವುದಿಲ್ಲ. ಹೀಗೆ ತನಗೆ ತಾನೇ ಹೇಳಿಕೊಳ್ಳುವುದು ಈಗ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಒಂದು ಸಲ ನಾಲಿಗೆ ಸುಮ್ಮನಿರುವುದನ್ನು ಕಲಿತರೆ ಆಮೇಲೆ ಮನಸ್ಸೇ ಅದಕ್ಕೆ ಕಾರಣ ಹುಡುಕಿ ಕೊಡುತ್ತದೆ.

ನಾಲಿಗೆ ಅದನ್ನು ಕಲಿತದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಮಗು ಬಿಳಿಚಿಕೊಂಡಿದೆ, ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು ತಾಯಿ ಮಗಳು ಇಬ್ಬರೂ ಕರೆದುಕೊಂಡು ಹೋಗಿದ್ದರು. ರಕ್ತ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿ ಬಂದಿತ್ತು. ಚಿಕ್ಕ ವಯಸ್ಸಿನ ಡಾಕ್ಟರು. ಲೆಡ್ ಲೆಡ್ ಎಂದರು. ಇಬ್ಬರೂ ಪಿಳಿಪಿಳಿ ನೋಡಿದ್ದಕ್ಕೆ ಪೆನ್ನಿನಿಂದ ಹಣೆ ತಟ್ಟಿಕೊಂಡು ನೆನಪಿಸಿಕೊಂಡು, "ಸೀಸ ಅಮ್ಮ, ಸೀಸ. ಅದು ವಿಷ. ಮಗುವಿನ ಮೆದುಳಿಗೆ ಹೋಗುತ್ತೆ. ಮನೇಲಿ ಯಾರಾದ್ರೂ ಪೇಂಟಿಂಗ್ ಕೆಲಸ, ಬ್ಯಾಟರಿ ಕೆಲಸ ಮಾಡ್ತಾರಾ?" ಎಂದರು. ಇಲ್ಲ ಸಾರ್, ಯಜಮಾನ್ರು ಟೆಂಪೋದಲ್ಲಿ ಕೇರಳದ ಬತ್ತೇರಿಗೆ ತರಕಾರಿ ಹೊಡೀತಾರೆ ಎಂದಳು ಆಯಿಷಾ. "ಹೇಗೋ ಹೊಟ್ಟೆಗೆ ಹೋಗ್ತಿದೆ. ಎಲ್ಲಿಂದ ಅಂತ ಪತ್ತೆ ಮಾಡಿ ನಿಲ್ಲಿಸಿ. ಅದು ನಿಲ್ಲದೆ ಔಷಧಿ ಕೊಟ್ಟು ಪ್ರಯೋಜನ ಇಲ್ಲ." ಬಾಗಿಲಲ್ಲಿ ಮುಂದಿನವರು ಒಳಗೆ ನುಗ್ಗಿಯಾಗಿತ್ತು. ಹೊರಗೆ ಜನ ತುಂಬಿದ ಕಾರಿಡಾರಿನಲ್ಲಿ, ಮಗುವನ್ನು ಸೊಂಟದ ಮೇಲೆ ಜಗ್ಗಿಕೊಂಡು ಆಯಿಷಾ ಕೇಳಿದಳು, "ಸೀಸೆ ಅಂದ್ರಲ್ಲ ಅಮ್ಮಿ? ಬಾಟ್ಲಿ ಅಲ್ವಾ? ಹಾಲಿನ ಬಾಟ್ಲಿ?"

ತಾಹಿರಾ ತಲೆಯಾಡಿಸಿದಳು.

ಅಷ್ಟೇ ಅವಳು ಮಾಡಿದ್ದು. ಸುಳ್ಳು ಎಂದು ಒಂದು ಮಾತನ್ನೂ ಆಡಲಿಲ್ಲ. ತಲೆ ಅದಾಗಿಯೇ ಆಡಿತು, ನೊಣ ಕೂತಾಗ ದನದ ಚರ್ಮ ಅದುರುವ ಹಾಗೆ. ಡಾಕ್ಟರ ಬಾಯಲ್ಲಿ ಆ ಮಾತು ಬಂದಾಗಲೇ ಅವಳಿಗೆ ಮರಿಮಲ್ಲಪ್ಪನ ತಕ್ಕಡಿ, ಅಂಗಳದ ಕೆಂಡ, ಗಂಡ ತಲೆ ಎತ್ತದೆ ಹೇಳಿದ ಮಾತು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದಿದ್ದವು. ಹೇಳಿದರೆ ಆಯಿಷಾ ಅತ್ತೆಗೆ ಹೇಳುತ್ತಾಳೆ. ಬೀಗಿತ್ತಿ ಉಮ್ಮೆ ಹಬೀಬಾ ಗುಂಡ್ಲುಪೇಟೆಯ ಅರ್ಧಕ್ಕೆ ಹೇಳುತ್ತಾಳೆ. ಮೊಮ್ಮಗನಿಗೆ ವಿಷ ಹಾಕಿದವನು ಎಂದು ಬಷೀರ್ ಅಹಮದ್ ಯಾವ ಸಂತೆಯಲ್ಲಿ ತಿದಿ ಹಾಕಿ ಕೂರುತ್ತಾನೆ? ಇಲ್ಲ, ನಾಳೆಯೇ ಹೋಗಿ ಏನೋ ನೆಪ ಹೇಳಿ ದೇಗ್ಚಿ ತಂದುಬಿಡುತ್ತೇನೆ, ಯಾರಿಗೂ ನೋವಾಗದೆ ಮುಗಿಯುತ್ತದೆ ಎಂದುಕೊಂಡಳು. ಮಾರನೆಯ ದಿನ ಗಂಡನಿಗೆ ಜ್ವರ ಬಂತು. ಆಮೇಲೆ ನೆಂಟರು ಬಂದರು. ಆಮೇಲೆ, ಮಗು ಈಗ ಪರವಾಗಿಲ್ಲ ಎಂದು ಆಯಿಷಾ ಫೋನು ಮಾಡಿದಳು. ಆ ಮಾತನ್ನು ತಾಹಿರಾ ಎರಡು ಕೈಯಲ್ಲಿ ಬಾಚಿಕೊಂಡಳು. ಬಾಟ್ಲಿ ಹೋಯಿತಲ್ಲ, ಹಾಲು ಕುಡಿಯುವುದಿಲ್ಲ, ಈಗ ಮೂರು ಹೊತ್ತೂ ಅನ್ನ ಖಟ್ಟಾ ದಾಲ್ ತಿನ್ನಿಸುತ್ತಿದ್ದೇನೆ ಎಂದು ಮಗಳು ಹೆಮ್ಮೆಯಿಂದ ಹೇಳಿದ್ದನ್ನೂ ಕೇಳಿಸಿಕೊಂಡಳು. ಹುಣಿಸೆಹುಳಿಯ ಬೇಳೆ. ಯಾವ ಪಾತ್ರೆಯಲ್ಲಿ ಎಂದು ಕೇಳಲಿಲ್ಲ.

ಗುಂಡ್ಲುಪೇಟೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೇರಳದ ಕಡೆ ಹೋಗುವ ತರಕಾರಿ ಲಾರಿಗಳ ಹಿಂದೆ ಕೊಳೆತ ಟೊಮೆಟೋ ವಾಸನೆ. ಮನೆಯ ಬಾಗಿಲಲ್ಲಿ ಉಮ್ಮೆ ಹಬೀಬಾ ಅಡಿಕೆಪುಡಿ ಜಗಿಯುತ್ತ ಕುಳಿತಿದ್ದಳು. ಸಲಾಂ ಮುಗಿಯುವುದರೊಳಗೆ, "ಬಂದ್ರಾ ತಾಹಿರಾ ಬೀ. ಬನ್ನಿ, ನಿಮ್ಮ ಮೊಮ್ಮಗನ್ನ ನೋಡಿ. ನಮ್ಮ ಕಡೆ ಮಕ್ಕಳೆಲ್ಲ ಒಂದು ವರ್ಷಕ್ಕೇ ಬಾಯಿ ತುಂಬ ಮಾತಾಡೋವು. ನಿಮ್ಮ ತಾಳವಾಡಿ ಕಡೆ ಯಾರಾದ್ರೂ ಮಂಕು ಇದ್ರಾ?" ಎಂದಳು.

"ಯಾರೂ ಇಲ್ಲ."

"ಕೇಳಿದೆ ಅಷ್ಟೇ. ಕೇಳೋದರಲ್ಲಿ ಏನು."

ಒಳಗೆ ಚಾಪೆಯ ಮೇಲೆ ಆದಿಲ್ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದ. ಕಣ್ಣು ತೆರೆದೇ ಇತ್ತು. ಅವಳು ಬಗ್ಗಿ ಹೆಸರು ಹಿಡಿದು ಕರೆದಾಗ ಆ ಕಣ್ಣುಗಳು ಅವಳ ಮುಖದ ಮೇಲಿಂದ ಹಾದು ಗೋಡೆಯ ಕಡೆ ಹೋದವು. ಅಡಿಗೆಮನೆಯಲ್ಲಿ ಆಯಿಷಾ ಬೇಳೆಗೆ ಒಗ್ಗರಣೆ ಕೊಡುತ್ತಿದ್ದಳು. ಒಲೆಯ ಮೇಲೆ ದೇಗ್ಚಿ. ಹೊರಗೆ ಹೊಗೆ ಹಿಡಿದು ಕಪ್ಪಾಗಿದ್ದರೂ ಕಂಠದ ಒಳಗೆ ಅದೇ ಬಿಳುಪು. ಕೆಳಗೆ, ಇವತ್ತಿನ ಬೇಳೆಗಿಂತ ಸ್ವಲ್ಪ ಮೇಲೆ, ದಿನವೂ ಹುಳಿ ತಾಗುವ ಎತ್ತರದಲ್ಲಿ ಮಾತ್ರ, ಹೊಳೆ ಇಳಿದ ಮೇಲೆ ದಡದಲ್ಲಿ ಉಳಿಯುವ ಗೆರೆಯ ಹಾಗೆ, ಬಿಳುಪು ಮಾಸಿತ್ತು. ಆ ಗೆರೆಯ ಕೆಳಗಿನದು ಎಲ್ಲಿಗೆ ಹೋಯಿತು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಅಬ್ಬಾ ಹೇಳಿ ಕಳಿಸಿದ್ರು" ಎಂದಳು ತಾಹಿರಾ. ಬಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು, ಬಾಯಿಪಾಠದ ಹಾಗೆ ಬಂತು. "ದೇಗ್ಚಿ ಕೊಡು, ಇನ್ನೊಂದು ಸಲ ಕಲಾಯಿ ಹಾಕಿಕೊಡ್ತಾರಂತೆ. ಇವತ್ತೇ ತಗೊಂಡು ಹೋಗ್ತೀನಿ."

"ಇದಕ್ಕೇನಾಗಿದೆ ಅಮ್ಮಿ? ಹೊಸದರ ಹಾಗೇ ಇದೆ."

ಬಾಗಿಲಿನಿಂದ ಉಮ್ಮೆ ಹಬೀಬಾಳ ದನಿ ಬಂತು. "ಏನಂತೆ? ದೇಗ್ಚಿ ವಾಪಸ್ ಬೇಕಂತಾ? ನಿಮ್ಮ ಮನೆಯಿಂದ ಬಂದದ್ದರಲ್ಲಿ ನೆಟ್ಟಗೆ ಇರೋದು ಅದೊಂದೇ. ಅದನ್ನೂ ಎತ್ಕೊಂಡು ಹೋಗಿ."

ಆಯಿಷಾಳ ಮುಖ ಕೆಂಪಾಯಿತು. ದನಿ ತಗ್ಗಿಸಿ, "ಅವರ ಮುಂದೆ ಯಾಕೆ ಅಮ್ಮಿ ಈ ಮಾತು ತೆಗೆದ್ರಿ? ಮದುವೆಗೆ ಜಹೇಜು ಅಂತ ಕೊಟ್ಟದ್ದನ್ನ ಯಾರಾದ್ರೂ ಕೇಳ್ತಾರಾ? ನಾನು ಕೊಡಲ್ಲ. ಅಬ್ಬಾನ ಕೈಕೆಲಸ ಅಂತ ಈ ಮನೇಲಿ ನನಗೆ ಇರೋದು ಇದೊಂದೇ" ಎಂದಳು. ಹೇಳುತ್ತಲೇ ತಟ್ಟೆಗೆ ಅನ್ನ ಹಾಕಿ, ಅದರ ಮೇಲೆ ಬೇಳೆ ಸುರಿದು, ಮಗುವಿನ ಹತ್ತಿರ ಹೋಗಿ ಕುಳಿತು, ಅವನನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡಳು. ಹುಳಿಯ ವಾಸನೆಗೆ ಮಗು ಬಾಯಿ ತೆರೆಯಿತು. ಅಷ್ಟು ಹೊತ್ತಿನಲ್ಲಿ ಅವನು ತಾನಾಗಿ ಮಾಡಿದ್ದು ಅದೊಂದೇ. ಮಗಳ ಬೆರಳುಗಳಲ್ಲಿ ಅನ್ನ ಚಿಕ್ಕ ಉಂಡೆಯಾಗುವುದನ್ನು ತಾಹಿರಾ ನೋಡಿದಳು. ತಾನೇ ಕಲಿಸಿಕೊಟ್ಟ ಬಗೆ, ಉಂಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಗೆ ದೂಡುವುದು. ಇನ್ನೊಂದು ಊಟ, ಒಂದೇ ಒಂದು, ಸಂಜೆಗೆ ಬೇರೆ ಏನಾದರೂ ನೆಪ ಹೊಳೆಯಬಹುದು ಎಂದು ಮನಸ್ಸು ಹೇಳಿತು. ಆ ದನಿಯನ್ನು ಅವಳು ಗುರುತು ಹಿಡಿದಳು. ಅಷ್ಟು ದಿನವೂ ಮಾತಾಡಿದ್ದು ಅದೇ.

ಅವಳು ಮಗಳ ಮಣಿಕಟ್ಟು ಹಿಡಿದಳು. ಉಂಡೆ ಚಾಪೆಯ ಮೇಲೆ ಬಿತ್ತು.

"ಅಮ್ಮಿ?"

"ತಿನ್ನಿಸಬೇಡ." ಹಿಡಿದ ಮಣಿಕಟ್ಟನ್ನು ಅವಳು ಬಿಡಲಿಲ್ಲ. "ಡಾಕ್ಟರು ಸೀಸೆ ಅನ್ನಲಿಲ್ಲ. ಸೀಸ ಅಂದ್ರು."

"ಅಂದ್ರೆ?"

"ಅಬ್ಬಾ ಕಾಲಾ ಅಂತಾರಲ್ಲ. ಅದು."

ಆಯಿಷಾ ಅರ್ಥವಾಗದೆ ನೋಡಿದಳು. ಆಮೇಲೆ ಅವಳ ಕಣ್ಣು ಅಡಿಗೆಮನೆಯ ಕಡೆ ಹೋಯಿತು, ಒಲೆಯ ಮೇಲಿನ ದೇಗ್ಚಿಗೆ, ಅಲ್ಲಿಂದ ತಟ್ಟೆಗೆ, ತಟ್ಟೆಯಿಂದ ಮಗುವಿನ ಇನ್ನೂ ತೆರೆದಿದ್ದ ಬಾಯಿಗೆ. ಎಡಗೈಯಿಂದ ತಟ್ಟೆಯನ್ನು ದೂರ ತಳ್ಳಿದಳು. ಮಗು ಅಳಲು ಶುರುಮಾಡಿತು. ಅದಕ್ಕೆ ಅನ್ನ ಬೇಕಾಗಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ?"

ಇವತ್ತು ಎನ್ನಬಹುದಿತ್ತು. ನಿನ್ನೆ ಯಾರೋ ಹೇಳಿದರು ಎನ್ನಬಹುದಿತ್ತು. "ಅಲ್ಲೇ" ಎಂದಳು ತಾಹಿರಾ. "ಡಾಕ್ಟರು ಹೇಳಿದಾಗಲೇ."

"ನಾನು ಕೇಳಿದೆನಲ್ಲ ನಿಮ್ಮನ್ನ. ಕಾರಿಡಾರಿನಲ್ಲಿ."

"ಕೇಳಿದೆ."

"ತಲೆ ಆಡಿಸಿದ್ರಿ."

ಹೊಡೆಯಲಿ ಎಂದುಕೊಂಡಳು ತಾಹಿರಾ, ಕೂಗಲಿ, ಗಲ್ಲಿ ಕೇಳುವ ಹಾಗೆ ಕೂಗಲಿ. ಮಗುವಿನ ಅಳು ಕೇಳಿ ಉಮ್ಮೆ ಹಬೀಬಾ ಎದ್ದು ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಾಯ್ತು? ಅನ್ನ ಯಾಕೆ ಚೆಲ್ಲಿದೆ?" ಆಯಿಷಾ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ಹಲ್ಲಿ ಬಿದ್ದಿತ್ತು ಅತ್ತೆ, ದೇಗ್ಚಿಯಲ್ಲಿ" ಎಂದಳು ಆಯಿಷಾ. "ಅಮ್ಮಿ ನೋಡಿದ್ರು. ಇವನು ಆಗಲೇ ತಿಂದುಬಿಟ್ಟಿದ್ದ. ಮೈಸೂರಿಗೆ ಕರ್ಕೊಂಡು ಹೋಗ್ತೀವಿ, ಈಗಲೇ. ಡಾಕ್ಟರಿಗೆ ತೋರಿಸೋಕೆ ದೇಗ್ಚಿನೂ ತಗೊಂಡು ಹೋಗ್ತೀವಿ. ಯಜಮಾನ್ರು ಬಂದ್ರೆ ಹೇಳಿ."

ಉಮ್ಮೆ ಹಬೀಬಾ ತೌಬಾ ತೌಬಾ ಎಂದು ಕೆನ್ನೆ ಬಡಿದುಕೊಂಡು ಪಕ್ಕದ ಮನೆಗೆ ಸುದ್ದಿ ಮುಟ್ಟಿಸಲು ಓಡಿದಳು. ತಾಯಿಯ ಮಾನ ಉಳಿಸಿದ ಮಗಳು ತಾಯಿಯ ಮುಖ ನೋಡಲಿಲ್ಲ. ಬೇಳೆಯನ್ನು ಬಚ್ಚಲಿಗೆ ಸುರಿದು, ದೇಗ್ಚಿಯನ್ನು ತೊಳೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಹಿರಾಳ ಮುಂದೆ ಇಟ್ಟಳು. "ಅತ್ತೆಗೆ ಹೇಳಿದ್ದು ಅಬ್ಬಾಗೋಸ್ಕರ, ನಿಮಗೋಸ್ಕರ ಅಲ್ಲ. ಅಲ್ಲಿ ಡಾಕ್ಟರ ಮೇಜಿನ ಮೇಲೆ ಇದನ್ನಿಟ್ಟು ನೀವೇ ಹೇಳಬೇಕು, ಏನು, ಎಷ್ಟು ಹಾಕಿದ್ದು ಅಂತ. ಆಮೇಲೆ ಮನೆಗೆ ಹೋಗಿ ಅಬ್ಬಾಗೂ ಹೇಳಬೇಕು. ಮುಂದಿನ ಸಂತೆಗೆ ಅವರು ಕೆಂಡ ಹಚ್ಚಬಾರದು. ಹಾಕಿಸಿಕೊಂಡು ಹೋದವರನ್ನ ಹುಡುಕಿ ಹೇಳಬೇಕು."

"ಅವರು ಸತ್ತುಹೋಗ್ತಾರೆ ಆಯಿಷಾ."

"ಹೇಳಿ" ಎಂದಳು ಆಯಿಷಾ.

ಬಸ್‌ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಮಗುವನ್ನು ಎದೆಗೆ ಅವಚಿಕೊಂಡು ಆಯಿಷಾ ಕುಳಿತಳು. ಅವನು ಅತ್ತೂ ಅತ್ತೂ ಸುಸ್ತಾಗಿದ್ದ, ತುಟಿ ಒಣಗಿ ಬಿರಿದಿತ್ತು, ನಾಲಿಗೆಯಿಂದ ಅದನ್ನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದ. ತಾಹಿರಾ ದೇಗ್ಚಿಯ ಚೀಲವನ್ನು ಕೆಳಗಿಟ್ಟು ಎದುರಿನ ಟೀ ಅಂಗಡಿಗೆ ಹೋದಳು. ಅಂಗಡಿಯ ಮಲಯಾಳಿ ಹಂಡೆಯಿಂದ ಬಗ್ಗಿಸಿ ಒಂದು ಸ್ಟೀಲ್ ಲೋಟ ನೀರು ಕೊಟ್ಟ. ತುಳುಕದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದು, ಬಗ್ಗಿ, ಮಗುವಿನ ಬಾಯಿಗೆ ಹಿಡಿಯಲು ಹೋದಳು.

ಆಯಿಷಾ ಅಡ್ಡ ಕೈ ಹಾಕಿ ಲೋಟ ತೆಗೆದುಕೊಂಡಳು. ಅದರೊಳಗೆ ನೋಡಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ, ಹಬ್ಬದ ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಇರುವಂಥ ಗಮನ ಮಾತ್ರ ಇತ್ತು. ಆಮೇಲೆ ಕೈ ಚಾಚಿ ನೀರನ್ನು ನೆಲಕ್ಕೆ ಸುರಿದಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ತಾನೇ ಅಂಗಡಿಗೆ ನಡೆದಳು. ಅದೇ ಮನುಷ್ಯ, ಅದೇ ಹಂಡೆಯಿಂದ, ಅದೇ ಲೋಟಕ್ಕೆ ಬಗ್ಗಿಸಿಕೊಟ್ಟ. ಅವಳು ಮೊದಲು ತಾನು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ನಿಂತು, ಮಗುವಿಗೆ ಕುಡಿಸಿದಳು. ಅವನು ಗಟಗಟ ಕುಡಿಯುವುದು ತಾಹಿರಾ ನಿಂತಲ್ಲಿಗೆ ಕೇಳುತ್ತಿತ್ತು.